ಬೀಗಿತ್ತಿಯರ ಪಥ್ಯ

ನನ್ನ ಮುಖ ಸೊಟ್ಟಗಿದೆ ಎಂಬುದು ನನಗೆ ಗೊತ್ತಾದದ್ದು ನಲವತ್ತು ದಾಟಿದ ಮೇಲೆ. ಅದೂ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ಹೊಟ್ಟೆ ಹೊರೆಯುವವನಿಗೆ! ಪ್ರತಿ ವರ್ಷ ಬೋರ್ಡಿನ ಮೇಲೊಂದು ಮೊಟ್ಟೆ ಬರೆದು, ಅದನ್ನು ಮೂರು ಪಾಲು ಮಾಡಿ, ಹಣೆಗೊಂದು, ಮೂಗಿಗೊಂದು, ಬಾಯಿ-ಗದ್ದಕ್ಕೊಂದು ಎಂದು ಹಂಚಿಕೊಡುತ್ತೇನೆ. ವಿಗ್ರಹ ಕೆತ್ತುವವರ ಲೆಕ್ಕವೂ ಇದೇ. ಪಾಲು ಸಮನಾಗಿರದಿದ್ದರೆ ದೇವರೂ ದೇವರಂತೆ ಕಾಣುವುದಿಲ್ಲ ಎಂದು ಮಕ್ಕಳಿಗೆ ಹೇಳುತ್ತಿದ್ದವನು ನನ್ನ ಪಾಲಿಗೆ ಬಂದದ್ದೆಷ್ಟು ಎಂದು ಕನ್ನಡಿಯಲ್ಲಿ ನೋಡಿಕೊಂಡಿರಲಿಲ್ಲ. ಗದ್ದ ಹಿಂದಕ್ಕೆ ಸರಿದಿದೆ, ಮೂಗಿನೊಳಗಿನ ಗೋಡೆ ಎಡಕ್ಕೆ ವಾಲಿದೆ, ಮಲಗಿದಾಗ ಗಾಳಿಗೆ ದಾರಿಯೇ ಇಲ್ಲ ಎಂದು ದಾವಣಗೆರೆಯ ಡಾಕ್ಟರಮ್ಮ ಎಕ್ಸ್-ರೇ ಹಿಡಿದು ತೋರಿಸಿದರು. ಆಗ ನನಗೆ ಮೊದಲು ಹೊಳೆದದ್ದು ಕಾಯಿಲೆಯ ಚಿಂತೆಯಲ್ಲ. ನನ್ನ ಮುಖ ಬರೆದು ನನ್ನಿಂದಲೇ ಕಡಿಮೆ ಅಂಕ ಪಡೆದ ಹುಡುಗರು ಇಷ್ಟು ವರ್ಷವೂ ಸರಿಯಾಗಿಯೇ ಬರೆದಿದ್ದರಲ್ಲ ಎಂಬುದು.

ಡಾಕ್ಟರವರೆಗೆ ಹೋಗಲು ಕಾರಣ ಗೊರಕೆ. ನಮ್ಮ ಮನೆ ಇರುವುದು ನ್ಯಾಮತಿಯಲ್ಲಿ. ಅಲ್ಲಿ ಬಸ್ಸು ಹತ್ತಿ ಕೂತರೆ ಹೊನ್ನಾಳಿ ಬರುವಷ್ಟರಲ್ಲಿ ನನ್ನ ಪಕ್ಕದ ಸೀಟು ಖಾಲಿಯಾಗಿರುತ್ತಿತ್ತು. ಗೊರಕೆ ಹೊಡೆಯುವವನಿಗೆ ತಾನು ಗೊರಕೆ ಹೊಡೆಯುತ್ತೇನೆ ಎಂಬ ನಂಬಿಕೆ ಇರುವುದಿಲ್ಲ. ಜಗತ್ತಿನಲ್ಲಿ ಸಾಕ್ಷಿಗಳ ಮಾತಿನ ಮೇಲೇ ನಂಬಬೇಕಾದ ಸಂಗತಿಗಳಲ್ಲಿ ಅದೂ ಒಂದು. ನನ್ನ ಹೆಂಡತಿ ಗಿರಿಜ ಸಾಕ್ಷಿ ನುಡಿದೂ ನುಡಿದೂ ದಣಿದಿದ್ದಳು. ಅವಳ ದೂರು ಗೊರಕೆಯ ಮೇಲಲ್ಲ, ಅದು ನಡುನಡುವೆ ನಿಲ್ಲುವುದರ ಮೇಲೆ. ಸದ್ದು ನಿಂತಾಗಲೆಲ್ಲ ತನಗೆ ಎದೆ ಹೊಡೆದುಕೊಳ್ಳುತ್ತದೆ ಎಂದು ಡಾಕ್ಟರ ಮುಂದೆ ಅವಳು ಹೇಳಿದಾಗ ನಾನು ಎಕ್ಸ್-ರೇ ನೋಡುವವನಂತೆ ನಟಿಸಿದೆ. ಕೊನೆಗೆ ದವಡೆಯನ್ನು ಮುಂದಕ್ಕೆ ತರುವುದು, ಮೂಗಿನ ಗೋಡೆಯನ್ನು ನೆಟ್ಟಗೆ ಮಾಡುವುದು, ಎರಡನ್ನೂ ಒಟ್ಟಿಗೇ ಮುಗಿಸುವುದು ಎಂದು ತೀರ್ಮಾನವಾಯಿತು.

ಆಪರೇಷನ್ನಿಗೆ ತಯಾರಾಗುವುದೆಂದರೆ ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವುದು ಎಂದುಕೊಂಡಿದ್ದೆ. ಡಾಕ್ಟರಮ್ಮ ಮನಸ್ಸಿನ ಸುದ್ದಿಯನ್ನೇ ಎತ್ತಲಿಲ್ಲ. ಚೆನ್ನಾಗಿ ಊಟ ಮಾಡಿ, ರಕ್ತ ಹೆಚ್ಚಿಸಿಕೊಳ್ಳಿ, ಸ್ವಲ್ಪ ಮೈ ಬಂದರೂ ಒಳ್ಳೆಯದೇ ಎಂದರು. ಆಪರೇಷನ್ ಆದ ಮೇಲೆ ಕೆಲವು ವಾರ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ರಬ್ಬರ್ ಬ್ಯಾಂಡ್ ಹಾಕಿ ಬಾಯಿ ಕಟ್ಟಿರುತ್ತಾರೆ. ಸೋಸಿದ ತೆಳ್ಳನೆಯದು ಮಾತ್ರ ಒಳಗೆ ಹೋಗುತ್ತದೆ. ಅಗಿಯುವಂತಿಲ್ಲ, ಸ್ಟ್ರಾ ಹಾಕಿ ಹೀರುವಂತಿಲ್ಲ, ಮೂಗು ಸೀಟುವಂತಿಲ್ಲ. ಹಾಲು, ಬೇಳೆ, ಶೇಂಗಾ, ತುಪ್ಪ, ಹಣ್ಣು, ಎಲ್ಲವನ್ನೂ ಅರೆದು ಸೋಸಿ ದಿನಕ್ಕೆ ಆರೇಳು ಸಲ ಕುಡಿಯಬೇಕು. ‘ಕತ್ತರಿಸಿ ಕೂಡಿಸೋದು ನಮ್ಮ ಕೆಲಸ, ಕೂಡಿಕೊಳ್ಳೋ ಹಾಗೆ ಮಾಡೋದು ನಿಮ್ಮ ಊಟ’ ಎಂದರು. ಮಿಕ್ಸಿಗೆ ಹೊಸ ಜಾರು, ಸಣ್ಣ ಕಣ್ಣಿನ ಜರಡಿ, ಎಳೆಮಕ್ಕಳ ಟೂತ್ ಬ್ರಷ್ಷು ಕೊಂಡೆವು. ಮೀಸೆಯೂ ಹೋಯಿತು. ಕ್ಲಾಸಿಗೆ ಹೋದಾಗ ಹುಡುಗರು ನಗದೆ ಎದ್ದು ನಿಂತದ್ದು ನೋಡಿ, ಹೊಸ ಮಾಸ್ತರು ಅಂದುಕೊಂಡರೇನೋ ಎಂಬ ಅನುಮಾನ ಬಂತು.

ತಿನ್ನಿ ಎಂದು ಡಾಕ್ಟರೇ ಹೇಳಿದ ಮೇಲೆ ಹಿಂದೆಮುಂದೆ ನೋಡುವವನು ನಾನಲ್ಲ. ಕಟಕಟ ಸದ್ದು ಮಾಡುವ ಪದಾರ್ಥಗಳಿಗೆಲ್ಲ ಬೀಳ್ಕೊಡುಗೆ ಏರ್ಪಡಿಸಿದೆ. ಒಣಗಿದ ಜೋಳದ ರೊಟ್ಟಿ, ಕೋಡುಬಳೆ, ಹುರಿಗಡಲೆ. ದಾವಣಗೆರೆಗೆ ಹೋಗಿಬರುವಾಗಲೆಲ್ಲ ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಮಂಡಕ್ಕಿ-ಮಿರ್ಚಿ. ಮಂಡಕ್ಕಿಗೆ ತೂಕವಿಲ್ಲ, ಅದರಿಂದ ರಕ್ತವೂ ಹೆಚ್ಚುವುದಿಲ್ಲ ಎಂದು ಗಿರಿಜ ಹೇಳಿದಳು. ಸದ್ದಾದರೂ ಇದೆಯಲ್ಲ ಎಂದೆ.

ಆಪರೇಷನ್ ದಿನ ಹತ್ತಿರ ಬಂದಂತೆ ಇಬ್ಬರು ತಾಯಂದಿರು ಮನೆಗೆ ಬಂದಿಳಿದರು. ನನ್ನ ಅವ್ವ ಜಗಳೂರು ತಾಲ್ಲೂಕಿನ ಬಿಳಿಚೋಡಿನಿಂದ. ಜೋಳ, ಸಜ್ಜೆ, ಶೇಂಗಾ ಬೆಳೆಯುವ ನೆಲದವಳು. ಗಿರಿಜಳ ತಾಯಿ, ಅಂದರೆ ನಮ್ಮತ್ತೆ, ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಿಂದ; ಕಾಲುವೆ ನೀರು, ಭತ್ತ, ಮನೆಯಲ್ಲಿ ಎಮ್ಮೆ. ಇಬ್ಬರೂ ಬೀಗಿತ್ತಿಯರು. ಜಗಳವಾಡುವ ಬೀಗರ ಕತೆ ಎಲ್ಲರಿಗೂ ಗೊತ್ತು. ಜಗಳವಾಡದ ಬೀಗರು ಅವರಿಗಿಂತ ಅಪಾಯ. ನಮ್ಮ ಮದುವೆಯಾಗಿ ಇಷ್ಟು ವರ್ಷವಾದರೂ ಇವರಲ್ಲಿ ಒಬ್ಬರು ಕೂರದೆ ಇನ್ನೊಬ್ಬರು ಕೂರುವುದಿಲ್ಲ, ಒಬ್ಬರು ಕೈತೊಳೆಯದೆ ಇನ್ನೊಬ್ಬರು ಏಳುವುದಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರು ತೆಗೆದುಹಾಕಿದ್ದಂತೂ ಇಲ್ಲವೇ ಇಲ್ಲ.

ಆಪರೇಷನ್ ಸಲೀಸಾಗಿ ಆಯಿತು. ಮೂಗಿಗೆ ಪಟ್ಟಿ, ಬಾಯಿಗೆ ರಬ್ಬರು, ಊಟವನ್ನು ಬಾಯಿಗೆ ಬಿಟ್ಟುಕೊಳ್ಳಲು ಕೈಗೊಂದು ಸಿರಿಂಜು ಕೊಟ್ಟು ಮನೆಗೆ ಕಳಿಸಿದರು. ತೊಂದರೆ ಶುರುವಾದದ್ದು ಅಡುಗೆಮನೆಯಲ್ಲಿ.

ನಂಜು ಎಂಬ ಮಾತು ನಿಮಗೆ ಗೊತ್ತೇ ಇದೆ. ಗಾಯವಾದವನು ಕೆಲವು ಪದಾರ್ಥ ತಿಂದರೆ ಗಾಯ ಕೀವು ಕಟ್ಟುತ್ತದೆ, ಮಾಯುವುದಿಲ್ಲ, ಅವೆಲ್ಲ ನಂಜು. ವಿಚಿತ್ರವೆಂದರೆ ನಾವು ಪೂಜಿಸುವ ಶಿವನೇ ಹಾಲಾಹಲದ ನಂಜುಂಡವನು. ಅಷ್ಟು ದೊಡ್ಡ ವಿಷವನ್ನು ಕಂಠದಲ್ಲಿಟ್ಟುಕೊಂಡು ಆರಾಮವಾಗಿ ಕೂತ ದೇವರಿಗೆ ದಿನಾ ಮೂರು ಬೆರಳ ವಿಭೂತಿ ಹಚ್ಚಿಕೊಂಡು ಕೈಮುಗಿಯುವ ನಾವು ಬದನೆಕಾಯಿಗೆ ಹೆದರುತ್ತೇವೆ. ಊರೂರಿಗೂ ನಂಜು ಬೇರೆ. ಅವ್ವನ ಪ್ರಕಾರ ಶೇಂಗಾ ನಂಜು, ಬದನೆ ನಂಜು, ಕುಂಬಳ ನಂಜು, ತೊಗರಿಬೇಳೆ ವಾಯು, ಕಡಲೆ ಅದರಪ್ಪ. ನಮ್ಮತ್ತೆಯ ಪ್ರಕಾರ ಮೂಗಿನ ಗಾಯಕ್ಕೆ ಹಾಲು ಕಫ, ಮೊಸರು ಶೀತ, ಬಾಳೆಹಣ್ಣು ಶೀತ, ಎಳನೀರು ಕೇಳುವುದೇ ಬೇಡ. ಜೋಳದ ಗಂಜಿ ಉಷ್ಣ. ಮಲಗಿದವನಿಗೆ ತುಪ್ಪ ಅರಗುವುದಿಲ್ಲ. ತಮ್ಮ ಮನೆಯಲ್ಲಿ ಎಮ್ಮೆ ಕಟ್ಟಿಕೊಂಡು ಹಾಲು ಬೇಡ ಎನ್ನುವವರ ಮಾತಿಗೆ ತೂಕ ಹೆಚ್ಚು.

ಯಾವುದಾದರೂ ಒಂದೇ ಊರಿನ ಪಥ್ಯ ಮಾಡಿ ಬದುಕಬಹುದು. ಬಿಳಿಚೋಡಿನ ಪಥ್ಯದಲ್ಲಿ ಹಾಲು-ತುಪ್ಪವಿದೆ, ಕತ್ತಲಗೆರೆಯದರಲ್ಲಿ ಬೇಳೆ-ಶೇಂಗಾ ಇದೆ. ಆದರೆ ನಮ್ಮತ್ತೆ ಹಾಲು ಕಫ ಎಂದೊಡನೆ, ನನ್ನನ್ನು ಹಾಲು ಕುಡಿಸಿಯೇ ಬೆಳೆಸಿದ ಅವ್ವ, ‘ಹೌದ್ರಿ, ಬೀಗ್ರು ಹೇಳಿದ್ ಮ್ಯಾಲೆ ಮುಗೀತು’ ಎಂದಳು. ಅವ್ವ ಶೇಂಗಾ ನಂಜು ಎಂದಾಗ ನಮ್ಮತ್ತೆಯೂ ಹಾಗೇ ತಲೆಯಾಡಿಸಿದರು. ಮರ್ಯಾದೆಯಲ್ಲಿ ಸೇರಿಸುವುದುಂಟು, ಕಳೆಯುವುದಿಲ್ಲ. ಎರಡು ತಾಲ್ಲೂಕಿನ ನಂಜುಗಳನ್ನು ಕೂಡಿಸಿದ ಮೇಲೆ ನನಗೆ ಉಳಿದದ್ದು ಅಕ್ಕಿ ಗಂಜಿಯ ತಿಳಿ, ಅದಕ್ಕೆ ಚಿಟಿಕೆ ಉಪ್ಪು, ಜೀರಿಗೆ. ಜೀರಿಗೆಯನ್ನೂ ಸೋಸಿ ತೆಗೆಯುತ್ತಿದ್ದರು.

ಡಾಕ್ಟರು ಹೇಳಿದ್ದನ್ನು ಗಿರಿಜ ಎರಡು ಮೂರು ಸಲ ಹೇಳಿ ನೋಡಿದಳು. ಇಬ್ಬರೂ ಗೌರವದಿಂದಲೇ ಕೇಳಿದರು. ಡಾಕ್ಟರು ಓದಿದವರು, ಅವರಿಗೆ ಗೊತ್ತಿರುತ್ತದೆ, ಆದರೂ ಬೀಗರು ಬೇಡ ಎಂದಿದ್ದಾರಲ್ಲ ಎಂದು ಪರಸ್ಪರ ಮುಖ ನೋಡಿಕೊಂಡರು. ನಾನು ಕಟ್ಟಿದ ಬಾಯಲ್ಲಿ ‘ಊಂ, ಊಂ’ ಎಂದು ಪ್ರತಿಭಟಿಸಿದೆ. ನೋವಿರಬೇಕು ಪಾಪ ಎಂದು ಇನ್ನೊಂದು ಸಿರಿಂಜು ತಿಳಿ ಕುಡಿಸಿದರು.

ಮುಂದಿನ ಸಲ ದಾವಣಗೆರೆಗೆ ತೋರಿಸಲು ಹೋದಾಗ ಡಾಕ್ಟರಮ್ಮ ತೂಕದ ಮುಳ್ಳು ನೋಡಿ ಸುಮ್ಮನಾದರು. ಡಾಕ್ಟರುಗಳು ಬೈಯುವುದಕ್ಕಿಂತ ಸುಮ್ಮನಾಗುವುದು ಕೆಟ್ಟದ್ದು. ಮೈಯಲ್ಲಿ ಶಕ್ತಿಯೇ ಇಲ್ಲದಿದ್ದರೆ ಮೂಳೆ ಕೂಡುವುದು ಹೇಗೆ, ಕೂಡದಿದ್ದರೆ ಮತ್ತೆ ಬಿಚ್ಚಬೇಕಾಗುತ್ತದೆ. ಹೀಗೇ ಇಳಿದರೆ ಮುಂದಿನ ವಾರ ಅಡ್ಮಿಟ್ ಮಾಡಿಕೊಂಡು ನಳಿಕೆ ಹಾಕಿ ಊಟ ಕೊಡುತ್ತೇವೆ ಎಂದರು. ನನಗೆ ನಿಜವಾಗಿ ಭಯವಾಯಿತು. ವಾಪಸು ಬರುವಾಗ ಗಿರಿಜ ಹೊನ್ನಾಳಿಯಲ್ಲಿ ಇಳಿದು ಒಂದು ಪೊಟ್ಟಣ ಶೇಂಗಾ ಕೊಂಡಳು. ಎದುರಿಗೇ ಮಿರ್ಚಿ ಕರಿಯುತ್ತಿದ್ದರು. ಮೂಗು ಕಟ್ಟಿದ್ದರಿಂದ ವಾಸನೆ ಬರಲಿಲ್ಲ, ಅದೊಂದು ಉಪಕಾರವಾಯಿತು.

ಮನೆಗೆ ಬಂದವಳು ನಮ್ಮತ್ತೆ ಹಿತ್ತಲಿಗೆ ಹೋದ ಸಮಯ ನೋಡಿ, ಶೇಂಗಾವನ್ನು ಅವ್ವನ ಮುಂದಿಟ್ಟಳು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಅವ್ವ ಪೊಟ್ಟಣವನ್ನು ಮುಟ್ಟಲಿಲ್ಲ.

‘ಅತ್ತಿ, ನಾನ್ ಮಾಡಿದ್ರೆ ನೀವಿಬ್ರೂ ಬ್ಯಾಡ ಅಂತೀರಿ. ನೀವ್ ಮಾಡಿದ್ರೆ ನಮ್ಮವ್ವ ಬ್ಯಾಡ ಅನ್ನಾಕಿಲ್ಲ. ಬೀಗ್ರು ಕೈಯಾರೆ ಮಾಡಿದ್ದಕ್ಕೆ ಯಾರಾರ ಹೆಸ್ರಿಡ್ತಾರೇನು?’

ಅವ್ವ, ‘ಇವರಪ್ಪನ ಕಾಲಿಗೆ ಮೊಳೆ ಚುಚ್ಚಿದಾಗ ದಿನಾ ಶೇಂಗಾ ಚಟ್ನಿ ಹಾಕಿಕೊಟ್ಟಾಕಿ ನಾನಾ’ ಎಂದಳು.

ಅಪ್ಪ ಆ ಕಾಲಿನಿಂದಲೇ ಹೋದದ್ದು. ನಾನಾಗ ಸಣ್ಣವನು. ಅಪ್ಪನಿಗೆ ಸಕ್ಕರೆ ಕಾಯಿಲೆಯಿತ್ತು, ಅದು ಗೊತ್ತಾಗುವಾಗ ಕಾಲ ಮೀರಿತ್ತು ಎಂದು ದೊಡ್ಡವನಾದ ಮೇಲೆ ನನಗೆ ತಿಳಿಯಿತು, ಅವ್ವನಿಗೂ ಹೇಳಿದ್ದೆ. ಅವಳು ಆಗ ಹೂಂ ಎಂದಿದ್ದಳು. ಆ ಹೂಂನೊಳಗೆ ಈ ಚಟ್ನಿ ಹಾಗೇ ಉಳಿದಿತ್ತೆಂದು ನನಗೆ ಗೊತ್ತಿರಲಿಲ್ಲ. ಮಂಚದ ಮೇಲೆ ಕೂತು ಕೇಳಿದ ನನಗೆ ಏನಾದರೂ ಹೇಳಬೇಕೆನಿಸಿತು, ಬಾಯಿಗೆ ರಬ್ಬರಿತ್ತು.

ಅಂದು ಸಂಜೆ ಹೀರೇಕಾಯಿ ಹೆಚ್ಚುವಾಗ ಈಳಿಗೆಮಣೆ ತಾಗಿ ಅವ್ವನ ಬೆರಳು ಕೊಯ್ದುಕೊಂಡಿತು. ಅಂಥ ದೊಡ್ಡ ಗಾಯವೇನಲ್ಲ. ಗಿರಿಜ ಅರಿಶಿನ ಒತ್ತಿ ಬಟ್ಟೆ ಸುತ್ತಿದಳು.

ಬಾಯಿ ಕಟ್ಟಿದವನನ್ನು ಜನ ಬೇಗ ಮರೆಯುತ್ತಾರೆ. ಮಾತಾಡದವನು ನೋಡುವುದೂ ಇಲ್ಲ ಎಂದುಕೊಳ್ಳುತ್ತಾರೆ. ಮರುದಿನ ಮಧ್ಯಾಹ್ನ ಎಲ್ಲರೂ ಅಡ್ಡಾಗಿದ್ದಾಗ ಅವ್ವ ಅಡುಗೆಮನೆ ಹೊಸ್ತಿಲ ಮೇಲೆ ಕೂತು, ಸೆರಗಿನಿಂದ ಹಿಡಿ ಶೇಂಗಾ ತೆಗೆದು, ಒಂದೊಂದೇ ತಿನ್ನುವುದು ಕಂಡಿತು. ರುಚಿಗೆ ತಿನ್ನುವವರ ಮುಖವಲ್ಲ ಅದು, ಔಷಧಿ ತೆಗೆದುಕೊಳ್ಳುವವರದು. ತಿಂದು ಮುಗಿಸಿ ಬೆರಳಿನ ಬಟ್ಟೆ ಬಿಚ್ಚಿದಳು. ಬೆಳಕಿಗೆ ಹಿಡಿದು ನೋಡಿದಳು, ಒತ್ತಿ ನೋಡಿದಳು, ಮೂಸಿ ನೋಡಿದಳು, ಮತ್ತೆ ಸುತ್ತಿಕೊಂಡಳು. ಅದರ ಮರುದಿನವೂ ಹಾಗೇ. ನಂಜು ಏರುತ್ತದೋ ಇಲ್ಲವೋ ಎಂದು ಅವ್ವ ತನ್ನ ಗಾಯದ ಮೇಲೆ ನೋಡುತ್ತಿದ್ದಳು. ಹುಟ್ಟಿದಾಗಿನಿಂದ ನೋಡಿದ್ದೇನೆ, ಅವ್ವ ಮಾತಾಡುತ್ತ, ಆಕಡೆ ಈಕಡೆ ನೋಡುತ್ತ, ಕತ್ತಲಲ್ಲೂ ಕಾಯಿ ಹೆಚ್ಚುವವಳು. ಅದಕ್ಕೂ ಮುಂಚೆ ಒಮ್ಮೆಯಾದರೂ ಈಳಿಗೆ ಅವಳನ್ನು ಮುಟ್ಟಿದ್ದು ನನಗೆ ನೆನಪಿಲ್ಲ.

ಬೆರಳಿನ ಗಾಯ ಒಣಗಿ ಕೂಡಿಕೊಂಡ ದಿನ ಬೆಳಿಗ್ಗೆ ಅವ್ವ ಶೇಂಗಾ ನೆನೆಹಾಕಿ, ಸಿಪ್ಪೆ ತೆಗೆದು, ನುಣ್ಣಗೆ ರುಬ್ಬಿ, ಬೆಲ್ಲ ಹಾಕಿ ಕುದಿಸಿ, ಜರಡಿಯಲ್ಲಿ ಎರಡು ಸಲ ಸೋಸಿ ತಂದಳು. ನಮ್ಮತ್ತೆ ಪಕ್ಕದಲ್ಲೇ ಇದ್ದರು. ಲೋಟ ನೋಡಿದರು, ಬೀಗಿತ್ತಿಯ ಮುಖ ನೋಡಿದರು. ಗಿರಿಜಳ ಲೆಕ್ಕ ತಪ್ಪಲಿಲ್ಲ. ಬೀಗರ ಕೈಯಡುಗೆಗೆ ನಂಜು ಎನ್ನುವ ಧೈರ್ಯ ಅವರಿಗೆಲ್ಲಿಂದ ಬರಬೇಕು! ಒಳ್ಳೆ ಗಮಗಮ ಅಂತೈತೆ ಎಂದರು. ನಾನು ಕುಡಿಯುವವರೆಗೂ ಅವ್ವ ಉಸಿರು ಬಿಟ್ಟಳೋ ಇಲ್ಲವೋ.

ಇನ್ನು ನಮ್ಮತ್ತೆ ಬಿಟ್ಟಾರೆಯೇ? ಬೀಗರು ಶೇಂಗಾ ಹಾಲು ಕೊಟ್ಟ ಮೇಲೆ ತಾವು ಗಂಜಿ ತಿಳಿ ಕೊಟ್ಟರೆ ಮಾನ ಎಲ್ಲುಳಿಯಿತು? ಮಧ್ಯಾಹ್ನ ಹೆಸರುಬೇಳೆ ಪಾಯಸ ತುಪ್ಪದ ಸಮೇತ ಬಂತು. ಅದಕ್ಕೆ ಅವ್ವ, ಬೀಗರ ಕೈ ಅಂದರೆ ಕೈ ಎಂದಳು. ಸಂಜೆ ಅವ್ವನ ರಾಗಿ ಅಂಬಲಿ ಬಂತು, ಬೆನ್ನಿಗೇ ಕತ್ತಲಗೆರೆಯಿಂದ ಎಮ್ಮೆ ಹಾಲು ತರಿಸಲಾಯಿತು. ಕಫ, ಶೀತ, ವಾಯು, ಉಷ್ಣ ಎಲ್ಲವೂ ಒಂದೇ ವಾರದಲ್ಲಿ ಊರು ಬಿಟ್ಟವು. ನನ್ನನ್ನು ಉಪವಾಸ ಕೆಡವಿದ್ದ ಮರ್ಯಾದೆಯೇ ಈಗ ಸಿರಿಂಜಿನ ಮೇಲೆ ಸಿರಿಂಜು ತುಂಬಿಸುತ್ತಿತ್ತು. ನಮ್ಮ ಕಡೆಯ ಊಟದಲ್ಲಿ ಸಾಕು ಎನ್ನುವುದು ಉಣ್ಣುವವನ ಕೈಲಿರುವ ಒಂದೇ ಆಯುಧ, ಅದನ್ನು ಡಾಕ್ಟರಮ್ಮ ರಬ್ಬರು ಹಾಕಿ ಕಟ್ಟಿಬಿಟ್ಟಿದ್ದರು. ಅಡ್ಮಿಟ್ ಆಗುವುದು ತಪ್ಪಿತು. ತೂಕದ ಮುಳ್ಳು ಮೇಲೇರಿತು, ಮೂಳೆ ಕೂಡುತ್ತಿದೆ ಎಂದು ಎಕ್ಸ್-ರೇ ಹೇಳಿತು. ಏನು ಕೊಟ್ಟಿರಿ ಎಂದು ಡಾಕ್ಟರಮ್ಮ ಕೇಳಿದಾಗ, ನೀವು ಹೇಳಿದ್ದನ್ನೇ ಎಂದು ಇಬ್ಬರು ಬೀಗಿತ್ತಿಯರೂ ಒಟ್ಟಿಗೇ ಹೇಳಿದರು.

ರಬ್ಬರು ತೆಗೆದ ಮೇಲೆ ಬಾಯಿ ಎರಡು ಬೆರಳಗಲ ತೆರೆಯಿತು. ಗದ್ದ ತನ್ನ ಪಾಲಿಗೆ ಬಂದು ನಿಂತಿದೆ. ಇನ್ನು ಹುಡುಗರು ನನ್ನ ಮುಖವನ್ನು ಮೊದಲಿಂದ ಕಲಿಯಬೇಕು. ಬಾಯಿ ಕಟ್ಟಿದ್ದಾಗ ಹೇಳಬೇಕೆಂದು ಕೂಡಿಟ್ಟಿದ್ದ ಮಾತುಗಳು ಎಷ್ಟೋ ಇದ್ದವು. ಬಿಚ್ಚಿದ ಮೇಲೆ ನೋಡಿದರೆ ಹೆಚ್ಚಿನವು ಆಡದಿದ್ದರೂ ನಡೆಯುವಂಥವೇ. ಒಂದನ್ನು ಮಾತ್ರ ಬಿಡಲಾಗಲಿಲ್ಲ. ಅವ್ವ ಬಿಳಿಚೋಡಿಗೆ ಹೊರಡುವ ಬೆಳಿಗ್ಗೆ, ಬ್ಯಾಗು ಬಾಗಿಲಲ್ಲಿಟ್ಟು, ಶೇಂಗಾ ಹಾಲಿನ ಲೋಟ ಹಿಡಿದು ಬಂದಳು. ಬೆರಳ ಮೇಲೆ ಬಿಳಿ ಗೆರೆಯಷ್ಟೇ ಉಳಿದಿತ್ತು.

‘ಅವ್ವಾ, ಅವತ್ತು ಈಳಿಗೆ ಹೆಂಗೆ ತಾಗ್ತು ನಿನಗೆ?’

ಅವ್ವ ಬೆರಳನ್ನು ನೋಡಿಕೊಳ್ಳಲಿಲ್ಲ, ನನ್ನ ಗದ್ದವನ್ನು ನೋಡಿದಳು.

‘ಮೊದ್ಲು ಕುಡಿ. ತಣ್ಣಗಾಗ್ತೈತೆ.’

ಕುಡಿದೆ.