ನಳದ ಕಟ್ಟೆಯಲ್ಲಿ ಓದದೆ ಬಿಟ್ಟ ಸಾಲು

ಮೊನ್ನೆ ಮಗಳ ಕಾಲು ಉಳುಕಿತ್ತು. ಅತ್ತೆ ಸುಣ್ಣಕ್ಕೆ ಬೆಲ್ಲ ಕಲಸಿ ಪಟ್ಟು ಹಾಕಿದರು. ಆ ಘಾಟು ಬೆರೆತ ಸಿಹಿ ವಾಸನೆಗೆ ತವರೂರು ಯರಗಟ್ಟಿಯ ನಮ್ಮ ಎದುರುಮನೆಯ ರೊಟ್ಟಿ ಅಕ್ಕ ನೆನಪಾದಳು. ಅವಳ ಕುತ್ತಿಗೆಗೂ ಇದೇ ಪಟ್ಟು ಇತ್ತು...

ಅಕ್ಕ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಬದುಕುತ್ತಿದ್ದಳು. ವಯಸ್ಸು ಇನ್ನೂ ಮೂವತ್ತು ದಾಟಿರಲಿಲ್ಲ. ಕುತ್ತಿಗೆಯ ಒಂದು ಬದಿಗೆ ಗಂಟುಗಳೆದ್ದು, ಸಂಜೆಯಾದರೆ ಜ್ವರ ಬರತೊಡಗಿತು. ಪಟ್ಟು ಹಾಕಿ, ಮೇಲೆ ಸೆರಗು ಸುತ್ತಿಕೊಂಡಳು. ಸುತ್ತಿಕೊಂಡದ್ದರಿಂದಲೇ ಎಲ್ಲರಿಗೂ ಗೊತ್ತಾಯಿತು. ಓಣಿ 'ಟೀಬಿ' ಎಂದಿತು. ಖಾನಾವಳಿಯವರು ರೊಟ್ಟಿ ಬೇಡವೆಂದರು. ಅವಳ ಹಂಚು ತಣ್ಣಗಾಯಿತು.

ಬೆಳಗಾವಿಯಲ್ಲಿ ಗಂಟಿನ ಚೂರು ತೆಗೆದು ಪರೀಕ್ಷಿಸಿದರು. ಡಾಕ್ಟರರ ಇಂಗ್ಲಿಷ್ ಪತ್ರ ಬಂದ ದಿನ, ಟೀಬಿ ಅಲ್ಲವೆಂದಷ್ಟೇ ತಿಳಿದಿದ್ದ ಅಕ್ಕ ಅದನ್ನು ಎಂ.ಎ. ಓದುತ್ತಿದ್ದ ನನ್ನ ಕೈಗಿಟ್ಟು ನಳದ ಕಟ್ಟೆಗೆ ಎಳೆದೊಯ್ದಳು. ನೀರು ಬರುವ ಹೊತ್ತು. ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದರು.

"ಓದ ತಂಗಿ, ಜೋರಲೆ ಓದ. ಈ ಕೊಡಗೋಳಿಗೂ ಕೇಳಸಬೇಕು!"

ಓದಿದೆ. ಟೀಬಿ ಅಲ್ಲ. ಜಪಾನಿನ ಡಾಕ್ಟರೊಬ್ಬರ ಹೆಸರಿನ, ಕಿಕುಚಿ ಎಂಬ ಅಪರೂಪದ ಕಾಯಿಲೆ. ಅಂಟುವುದಿಲ್ಲ. ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನೇ ಇಳಿಯುತ್ತದೆ.

"ಬ್ಯಾನಿನೂ ಪರದೇಶದ್ದ ತರಿಸಿಕೊಂಡಿಯಲ್ಲವಾ! ನಾಳೆ ನನಗೂ ಹತ್ತು ರೊಟ್ಟಿ ಬಡಿ," ಎಂದಳು ಮೂಲೆಮನೆಯ ಮುದುಕಿ.

"ನಿನಗ ಬ್ಯಾಡಬೇ, ಅಂಟೀತು!" ಎಂದಳು ಅಕ್ಕ.

ಎಲ್ಲರೂ ನಕ್ಕರು. ಅಕ್ಕ ಸೆರಗು ಸರಿಸಿ ಕುತ್ತಿಗೆ ತೋರಿಸಿಕೊಂಡೇ ನಿಂತಳು.

ಪತ್ರದಲ್ಲಿ ಇನ್ನೊಂದು ಸಾಲಿತ್ತು. ಈ ಕಾಯಿಲೆ ಬಂದ ಕೆಲವರಿಗೆ ಮುಂದೆ ಲೂಪಸ್ ಕಾಣಿಸಿಕೊಳ್ಳಬಹುದು, ಅಂದರೆ ದೇಹವನ್ನು ಕಾಯುವ ಶಕ್ತಿ ದೇಹದ ಮೇಲೆಯೇ ಎರಗಬಹುದು. ಆಗಾಗ ಬಂದು ರಕ್ತ ತಪಾಸಣೆ ಮಾಡಿಸಬೇಕು. ಆ ನಗುವಿನ ನಡುವೆ ಅದನ್ನು ಓದಲಿಲ್ಲ. ಮತ್ತೆ ಗುಮಾನಿ ಎದ್ದೀತೆಂದು ಹೆದರಿದೆ.

ಅಂದೇ ಸಂಜೆ ಒಲೆಯ ಮುಂದೆ ಅವಳಿಗೊಬ್ಬಳಿಗೇ ಹೇಳಿದೆ ಎಂದು ನನ್ನ ನೆನಪು. ಅವಳು ರೊಟ್ಟಿ ತಿರುವುತ್ತ, "ಗಂಟು ಇಳದಾವಲ್ಲ, ಬಿಡ" ಎಂದದ್ದೂ ನೆನಪಿದೆ. ಆದರೆ ಅಂದು ಗಂಟುಗಳು ಇಳಿದಿರಲಿಲ್ಲ. ಅವು ಪೂರ್ತಿ ಹೋದದ್ದು ಎರಡು ತಿಂಗಳ ಮೇಲೆ. ಹಾಗಾದರೆ ಆ ಮಾತು ಯಾವತ್ತಿನದು? ನಾನೇ ಅವಳ ಬಾಯಿಗೆ ಇಟ್ಟದ್ದೋ...

ಮದುವೆಯಾಗಿ ಸವದತ್ತಿಗೆ ಬಂದೆ. ಮೂರು ವರ್ಷದ ನಂತರ ಅವಳಿಗೆ ಕೈಕೀಲುಗಳು ನೋಯತೊಡಗಿ, ಮುಖದ ಮೇಲೆ ಕೆಂಪು ದದ್ದು ಎದ್ದವಂತೆ. ರೊಟ್ಟಿ ಬಡಿದೂ ಬಡಿದೂ ಕೈನೋವು ಅಂದುಕೊಂಡಳಂತೆ. ಮೂತ್ರಪಿಂಡ ಸೋತು ಆಸ್ಪತ್ರೆ ಸೇರಿದ ಮೇಲೆಯೇ ಅದು ಲೂಪಸ್ ಎಂದು ಗೊತ್ತಾದದ್ದು. ನಾನು ಹೋಗುವಷ್ಟರಲ್ಲಿ ತೀರಿಕೊಂಡಿದ್ದಳು.

ಮಗಳ ಕಾಲಿನ ಪಟ್ಟು ಒಣಗಿ ಉದುರುತ್ತಿದೆ. ನಳದ ಕಟ್ಟೆಯ ಆ ನಗು ಇವತ್ತಿಗೂ ಕಿವಿಯಲ್ಲಿದೆ. ಆ ಸಂಜೆಯ ಒಲೆ ಮಾತ್ರ, ಎಷ್ಟು ಊದಿದರೂ, ನೆನಪಿನಲ್ಲಿ ಹೊತ್ತಿಕೊಳ್ಳುತ್ತಿಲ್ಲ.