ಕುರಿದೊಗಲು ತಂದವಳು ನಾನೇ

ಒಂದು ಕಡೆ ತಳ ಊರಿ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ಅಂಥವಳಿಗೆ ಸಿಕ್ಕ ಕೆಲಸವೋ, ರಾಯಚೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಎಂಟು ತಾಸು ಸ್ಟೂಲಿನ ಮೇಲೆ ಕೂತು ಕಂಡವರ ಮಾತನ್ನು ಕಂಡವರಿಗೆ ಜೋಡಿಸುವುದು. ಎಂಬತ್ತರ ದಶಕದ ಮೊದಲ ವರ್ಷಗಳವು. ಕೈ ಟ್ರಂಕ್ ಕಾಲ್ ಜೋಡಿಸುತ್ತಿದ್ದರೆ ಮೇಜಿನ ಕೆಳಗೆ ಕಾಲು ಕುಣಿಯುತ್ತಲೇ ಇರುತ್ತಿದ್ದವು. ಪಕ್ಕದ ಸ್ಟೂಲಿನವಳು "ನಿನ್ನ ಕಾಲಿಗೆ ಹಗ್ಗ ಹಾಕಿ ಕಟ್ತೀನಿ ನೋಡು" ಎಂದು ಬೈಯುತ್ತಿದ್ದಳು.

ಭಾನುವಾರದ ಶ್ವಾನ ಸಂಘ ಇಲ್ಲದಿದ್ದರೆ ನನಗೆ ಹುಚ್ಚೇ ಹಿಡಿಯುತ್ತಿತ್ತು. ಸಂಘ ಎಂದರೆ ಹದಿನೈದು ಜನ, ಹದಿನೇಳು ನಾಯಿ. ಬೆಳಿಗ್ಗೆ ಏಳಕ್ಕೆ ಮೈದಾನದಲ್ಲಿ ಸೇರುವುದು, ನಾಯಿಗಳನ್ನು ಸಾಲಾಗಿ ಕೂರಿಸುವುದು, ಎಬ್ಬಿಸುವುದು, ಹಲಗೆ ಹಾರಿಸುವುದು. ಆಮೇಲೆ ಮಂಡಾಳ ಒಗ್ಗರಣೆ, ಮಿರ್ಚಿ ತಿನ್ನುತ್ತ ಯಾರ ನಾಯಿ ಜಾಣ ಎಂದು ಜಗಳಾಡುವುದು. ನಾಯಿಗಳು ಎಷ್ಟೋ ವಾಸಿ, ಸುಮ್ಮನೆ ಕೂತಿರುತ್ತಿದ್ದವು. ಅಧ್ಯಕ್ಷರು ರೈಲ್ವೆಯ ನಿವೃತ್ತ ಗಾರ್ಡು. ಅವರು ಹಳೆಯ ಹಸಿರು ಬಾವುಟ ಬೀಸಿದರೆ ಮಾತ್ರ ಓಟ ಶುರು. ಇದ್ದ ಒಬ್ಬಳೇ ಹೆಣ್ಣು ನಾನು, ಹಾಗಾಗಿ ಹಾಜರಿ ಬರೆಯುವ ಕೆಲಸ ನನ್ನ ತಲೆಗೆ ಕಟ್ಟಿದ್ದರು. ನನ್ನನ್ನು ಸರಿಸಮ ಮಾತಾಡಿಸುತ್ತಿದ್ದವರು ಒಬ್ಬರೇ, ಹತ್ತಿ ವ್ಯಾಪಾರದ ಸಾಹೇಬರು. ಅವರ ಮನೆಯೊಳಗೆ ನಾಯಿಗೆ ಪ್ರವೇಶವಿಲ್ಲ. ಹತ್ತಿಯಿಂದ ಬೀಜ ಬಿಡಿಸುವ ಅವರ ಜಿನ್ನಿಂಗ್ ಕಾರ್ಖಾನೆಯ ಅಂಗಳದಲ್ಲೇ ಅದರ ಬಿಡಾರ, ಅಲ್ಲೇ ಅದಕ್ಕೆ ರಾಜೋಪಚಾರ.

ನನ್ನ ನಾಯಿ ನನ್ನದಾಗಿರಲಿಲ್ಲ. ಸಂಕಟವೆಲ್ಲ ಅಲ್ಲೇ ಇತ್ತು. ಮಸರಕಲ್ಲಿನಲ್ಲಿ ಕುರಿ ಕಾಯುವ ಮನೆತನ ನಮ್ಮದು. ಜೋಳದ ದಂಟಿನ ಬಣ್ಣದ, ಉದ್ದ ಕಾಲಿನ ಆ ನಾಯಿಯನ್ನು ಅಜ್ಜಿಯ ಹಿಂಡಿನಿಂದ ಕಾಡಿ ಬೇಡಿ ತಂದಿದ್ದೆ. ಅಜ್ಜಿ ಬಾಗಿಲಲ್ಲಿ ನಿಂತು ಕರಾರು ಹೇಳಿದ್ದಳು.

"ಕುರಿ ಹಾಲು ಕುಡುದು ಬೆಳದದ ಇದು. ಪ್ಯಾಟ್ಯಾಗ ಅದರ ಮನಸ್ಸು ನಿಂದರತದೋ ಇಲ್ಲೋ. ದೇವದುರ್ಗದಾಗ ನಿಮ್ಮ ಸಂಘದ ನಾಯಿ ಓಟ ಗೆದ್ರ ಅದು ನಿಂದು. ಇಲ್ಲಂದ್ರ ಹಿಂಡು ಮೇವಿಗಿ ಹೊಳಿ ಕಡಿ ಹೊಂಡೂದ್ರಾಗ ತಂದು ಬಿಡಬೇಕು."

ಮಹಡಿಯ ಮೇಲಿನ ನನ್ನ ಬಾಡಿಗೆ ಕೋಣೆಯಲ್ಲಿ ಅದು ಕೂತದ್ದನ್ನು ನಾನು ಕಂಡದ್ದು ಕಡಿಮೆ. ಮಾಳಿಗೆಯ ಕಟ್ಟೆಯುದ್ದಕ್ಕೂ ಈ ಮೂಲೆಯಿಂದ ಆ ಮೂಲೆಗೆ ನಡೆಯುವುದು, ರೈಲು ಕೂಗಿದರೆ ನಿಲ್ಲುವುದು, ಮತ್ತೆ ನಡೆಯುವುದು. ಅದರ ಹಿಂದೆ ನಾನೂ ನಡೆಯುತ್ತಿದ್ದೆ. ಕೆಳಗಿನ ಮನೆಯಾಕೆ "ಮ್ಯಾಲ ಯಾರ ಮೆರವಣಿಗಿ ಹೊಂಟದ್ರೀ?" ಎಂದು ಕೇಳುತ್ತಿದ್ದಳು. ಅದು ಏನನ್ನು ಹುಡುಕುತ್ತಿದೆ ಎಂದು ಮಾತ್ರ ನಾನು ಕೇಳಿಕೊಳ್ಳಲಿಲ್ಲ. ನನ್ನ ಹಾಗೇ ಅದಕ್ಕೂ ಕಾಲು ನಿಲ್ಲುವುದಿಲ್ಲ, ನಾವಿಬ್ಬರೂ ಒಂದೇ ತಳಿ ಎಂದುಕೊಂಡು ಬೀಗುತ್ತಿದ್ದೆ.

ಆ ಚಳಿಗಾಲದಲ್ಲಿ ಮಾನ್ವಿಯಲ್ಲಿ ಒಂದು ಸಣ್ಣ ಓಟ ಇಟ್ಟೆವು. ನಮ್ಮ ಯಂತ್ರ ಸರಳವಾದದ್ದು. ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ, ಹಿಂದಿನ ಗಾಲಿಯ ಟೈರು ಬಿಚ್ಚಿ, ಪೆಡಲನ್ನು ಕೈಯಲ್ಲಿ ಗರಗರ ತಿರುಗಿಸಿದರೆ ಉದ್ದನೆಯ ಹಗ್ಗ ಗಾಲಿಗೆ ಸುತ್ತಿಕೊಳ್ಳುತ್ತ ಬರುತ್ತದೆ. ಹಗ್ಗದ ತುದಿಗೆ ಕಟ್ಟಿದ ವಸ್ತು ನೆಲದ ಮೇಲೆ ಹಾರುತ್ತ ಓಡುತ್ತದೆ, ನಾಯಿಗಳು ಅದರ ಬೆನ್ನು ಹತ್ತುತ್ತವೆ. ಮಾನ್ವಿಯಲ್ಲಿ ಕಟ್ಟಿದ್ದು ಕೆಂಪು ಬಟ್ಟೆಯ ಚಿಂದಿ. ಅರ್ಧ ದಾರಿಗೆ ಎಲ್ಲ ನಾಯಿಗಳಿಗೂ ಬೇಸರ ಬಂತು. ಅಧ್ಯಕ್ಷರ ನಾಯಿಯಂತೂ ಚಿಂದಿಯ ಮೇಲೆ ಕಾಲೆತ್ತಿ ತನ್ನ ಅಭಿಪ್ರಾಯ ತಿಳಿಸಿಬಿಟ್ಟಿತು. ಜನ ಬಿದ್ದು ಬಿದ್ದು ನಕ್ಕರು.

"ಚಿಂದಿಗೆ ಯಾವ ನಾಯಿ ಓಡ್ತದ ಬೇಟಿ? ಜೀವದ ವಾಸನಿ ಬೇಕು ಅದಕ್ಕ" ಎಂದರು ಹತ್ತಿ ಸಾಹೇಬರು.

"ನಾ ತರ್ತೀನಿ" ಎಂದುಬಿಟ್ಟೆ. ಹಾಜರಿ ಬರೆಯುವವಳಿಂದಲೂ ಒಂದು ಉಪಯೋಗವಿದೆ ಎಂದು ತೋರಿಸುವ ಚಪಲ. ಮುಂದಿನ ರಜೆಗೆ ನಾಯಿಯನ್ನು ಕೋಣೆಯಲ್ಲೇ ಬಿಟ್ಟು ಒಬ್ಬಳೇ ಮಸರಕಲ್ಲಿಗೆ ಹೋದೆ. ಅಜ್ಜಿ ಹಿಂಡಿನ ಜೊತೆ ಹೊಲಕ್ಕೆ ಹೋಗಿದ್ದಳು. ಸಂಜೆತನಕ ಕಾಯುವ ಸಹನೆ ನನಗೆಲ್ಲಿಯದು? ಗೋಡೆಯ ಗೂಟದಲ್ಲಿ ಉಣ್ಣೆ ಸಮೇತ ತೂಗುತ್ತಿದ್ದ ಕುರಿದೊಗಲನ್ನು ಚೀಲಕ್ಕೆ ತುರುಕಿ, ಬಂದ ಬಸ್ಸಿಗೇ ವಾಪಸಾದೆ. ಚೀಲವನ್ನು ನೇರ ಸಾಹೇಬರಿಗೆ ಒಪ್ಪಿಸಿದೆ.

ದೇವದುರ್ಗದ ಓಟ ನಡೆದದ್ದು ಊರಾಚೆಯ, ಜೋಳ ಕೊಯ್ದ ಹೊಲದಲ್ಲಿ. ಸುತ್ತಲಿನ ಹಳ್ಳಿಗಳಿಂದ ಜನ ಬಂದಿದ್ದರು. ಅಜ್ಜಿಯೂ ಬಂದು ಬದುವಿನ ಮೇಲೆ ಕೋಲು ಊರಿ ಕೂತಿದ್ದಳು. ನಾನು ನಿಂತಲ್ಲಿ ನಿಲ್ಲಲಾರದೆ ಸೈಕಲ್ಲಿನಿಂದ ಓಟ ಶುರುವಾಗುವ ಗೆರೆಯವರೆಗೆ ನಾಲ್ಕು ಸಲ ಓಡಾಡಿದೆ. ಗೆದ್ದರೆ ಅದು ನನ್ನದು, ಬೇರೇನೂ ತಲೆಗೆ ಹತ್ತುತ್ತಿರಲಿಲ್ಲ.

ಹಸಿರು ಬಾವುಟ ಕೆಳಗಿಳಿಯಿತು. ಸಾಹೇಬರು ಪೆಡಲು ತಿರುಗಿಸಿದರು, ಹಗ್ಗದ ತುದಿಯ ಕುರಿದೊಗಲು ಹಾರುತ್ತ ಓಡಿತು. ಆರು ನಾಯಿಗಳಲ್ಲಿ ನನ್ನದು ಮೊದಲ ನೆಗೆತಕ್ಕೇ ಮುಂದೆ ಬಂತು. ಅಂಥ ಓಟವನ್ನು ನಾನು ಮತ್ತೆ ನೋಡಿಲ್ಲ. ಉಳಿದವು ಎಲ್ಲೋ ಹಿಂದೆ. ಗೆಲ್ಲುವ ಗೆರೆಗೆ ಇನ್ನು ಇಪ್ಪತ್ತು ಮಾರು ಇದೆ ಎನ್ನುವಾಗ ಅದು ತೊಗಲನ್ನು ಮುಟ್ಟಿತು. ಕಚ್ಚಲಿಲ್ಲ. ಮುಂಗಾಲೆರಡನ್ನೂ ಅದರ ಮೇಲಿಟ್ಟು ತಡೆದು ನಿಲ್ಲಿಸಿತು. ಹಗ್ಗ ಹರಿಯಿತು. ಆಮೇಲೆ ಗರ್ರನೆ ಹಿಂದಕ್ಕೆ ತಿರುಗಿ, ಬರುತ್ತಿದ್ದ ಐದು ನಾಯಿಗಳಿಗೆ ಹಲ್ಲು ಕಿರಿದು ನಿಂತಿತು. ಐದೂ ಅಲ್ಲಲ್ಲೇ ಗಕ್ಕನೆ ನಿಂತವು.

ಜನ ಕೇಕೆ ಹಾಕಿ ನಕ್ಕರು. "ಓಡಲೇ, ಓಡು!" ಎಂದು ಕಿರುಚುತ್ತ ನಾನು ಹೊಲದೊಳಗೆ ನುಗ್ಗಿದೆ. ಅದು ನನ್ನನ್ನು ನೋಡಿ ಬಾಲ ಅಲ್ಲಾಡಿಸಿತು. ಕುರಿ ಕಾದಿದ್ದೇನೆ ನೋಡು, ಎನ್ನುವಂತೆ. ನಾನು ಕೈಯಲ್ಲಿದ್ದ ಚರ್ಮದ ಪಟ್ಟಿಯಿಂದ ಬಾರಿಸಿದೆ. ಒಮ್ಮೆಯಲ್ಲ, ಮೂರು ಸಲ. ಅದು ಗುರ್ರೆನ್ನಲಿಲ್ಲ, ಓಡಲೂ ಇಲ್ಲ. ಕಿವಿ ಇಳಿಬಿಟ್ಟು ಆ ಉಣ್ಣೆಯ ಮೇಲೆ ಹೊಟ್ಟೆಯೂರಿ ಮಲಗಿತು.

ಅಜ್ಜಿ ನಡೆದು ಬಂದು ನನ್ನ ಕೈಯಿಂದ ಪಟ್ಟಿ ಕಿತ್ತುಕೊಂಡಳು. "ಈ ತೊಗಲು ಯಾರು ತಂದಾರ?"

ನಾನು ಬಾಯಿ ಬಿಡಲಿಲ್ಲ. ಸಾಹೇಬರು ನನ್ನ ಮುಖ ನೋಡಿದರು. ಆಮೇಲೆ ಕೈಯ ಎಣ್ಣೆ ಒರೆಸಿಕೊಳ್ಳುತ್ತ, "ನಾನೇ ತರಿಸೀನಿ ಯವ್ವಾ, ತಪ್ಪಾತು" ಎಂದರು.

"ನಿಮಗ ಗೊತ್ತಿಲ್ರೀ ಯಪ್ಪಾ, ತಂದೀರಿ, ಹೋಗ್ಲಿ ಬಿಡ್ರಿ" ಎಂದಳು ಅಜ್ಜಿ. ಮತ್ತೆ ನನ್ನತ್ತ ತಿರುಗಿದಳು. "ನೀ ಕುರಿ ಮನ್ಯಾಗ ಹುಟ್ಟೀದಿ. ಕಣ್ಣು ಬಿಡೂಕಿಂತ ಮೊದಲ ನಾಯಿ ಮರೀನ ಕುರಿ ಉಣ್ಣಿ ಮ್ಯಾಲ ಮಲಗಸ್ತೀವಿ ಅಂತ ನಿನಗ ಗೊತ್ತಿತ್ತು. ಆ ವಾಸನಿ ಕಾಯೂದ ಅದರ ಕೆಲಸ, ಮಾಡ್ತು. ಹೊಡದ್ಯಲ್ಲ, ಯಾವ ತಪ್ಪಿಗಿ?"

ಅಜ್ಜಿ ತೊಗಲನ್ನು ಹೆಗಲಿಗೆ ಹಾಕಿಕೊಂಡು ಹೊರಟಳು. ನಾಯಿ ಅದರ ಹಿಂದೆಯೇ ಹೋಯಿತು, ಹಗ್ಗ ಹಾಕುವ ಅಗತ್ಯವೇ ಬೀಳಲಿಲ್ಲ. ಅವತ್ತು ಸಾಹೇಬರ ಹತ್ತಿ ಲಾರಿಯಲ್ಲಿ ರಾಯಚೂರಿಗೆ ಮರಳುವಾಗ ನಾನು ದಾರಿಯುದ್ದಕ್ಕೂ ಅತ್ತೆ. ನಾಯಿ ಹೋದದ್ದಕ್ಕಿಂತ ಆ ಮನುಷ್ಯ ನನ್ನ ತಪ್ಪನ್ನು ಹೊತ್ತುಕೊಂಡದ್ದು ಹೆಚ್ಚು ಸುಡುತ್ತಿತ್ತು. ಅವರು ಅದರ ಮಾತೇ ಎತ್ತಲಿಲ್ಲ, ಮುಂದೆಂದೂ ಎತ್ತಲಿಲ್ಲ.

ಎರಡು ತಿಂಗಳು ಒದ್ದಾಡಿದೆ. ಕಡೆಗೊಂದು ದಿನ ಮಸರಕಲ್ಲಿನ ಬಸ್ಸು ಹತ್ತಿದೆ. ಹಿಂಡು ಇನ್ನೂ ಹೊಳೆ ಕಡೆ ಹೊರಟಿರಲಿಲ್ಲ, ಊರ ಪಕ್ಕದ ಹೊಲದಲ್ಲೇ ಇತ್ತು, ಅಜ್ಜಿ ಅದರ ಆಚೆ ಬದಿಗೆ ನಿಂತಿದ್ದಳು. ನಾಯಿ ನನ್ನನ್ನು ಕಂಡು ಓಡಿ ಬಂತು. ನಾನು ಕೂತು ಕೈ ಚಾಚಿದೆ. ಹತ್ತು ಮಾರು ದೂರದಲ್ಲಿ ಅದು ನಿಂತಿತು. ಬಾಲ ಆಡಲಿಲ್ಲ. ದೇವದುರ್ಗದ ಹೊಲದಲ್ಲಿ ಐದು ನಾಯಿಗಳ ಎದುರು ನಿಂತ ಹಾಗೆಯೇ ಕುರಿಗಳಿಗೂ ನನಗೂ ನಡುವೆ ನಿಂತಿತ್ತು.

ಅಲ್ಲಿಂದಲೇ ಕೂಗಿ ಹೇಳಿದೆ. "ಯವ್ವಾ, ತೊಗಲು ಒಯ್ದಾಕಿ ನಾನ!"

"ಗೊತ್ತದ. ನೀ ಬಂದು ಹೋದ ದಿನ ಮನಿಗಿ ಬಂದು ನೋಡಿದ್ರ ಗೂಟ ಖಾಲಿ ಇತ್ತು" ಎಂದಳು ಅಜ್ಜಿ. "ಹೇಳಾಕ ಇಷ್ಟು ದಿನ ಹಿಡೀತು. ಇರ್ಲಿ, ಬಾ ಈಕಡಿ."

ಅಜ್ಜಿ ಕರೆದಳು, ನಾಯಿ ಮಾತ್ರ ಸರಿಯಲಿಲ್ಲ. ನಾನು ಹೊಲವನ್ನೆಲ್ಲ ಬಳಸಿ ದೂರದ ಬದುವಿನ ಮೇಲಿಂದ ನಡೆದೆ. ನಾನು ನಡೆದಷ್ಟು ದೂರವೂ ಅದು ಕುರಿಗಳ ಅಂಚಿನಲ್ಲಿ, ನನ್ನ ಮೇಲೆ ಕಣ್ಣಿಟ್ಟುಕೊಂಡು, ಜೊತೆಜೊತೆಗೇ ನಡೆಯಿತು.