ಸೊಂಟದಲ್ಲಿ ಮುಚ್ಚಿದ ಒಲೆ ಬಾಗಿಲು

ಮೂರು ವಾರದ ಹಿಂದೆ, ಶನಿವಾರ ಬೆಳಿಗ್ಗೆ ಹತ್ತೂವರೆಗೆ, ನಾನು ಒಂದು ಸೌದೆ ತುಂಡನ್ನು ಶಾಲಿನಲ್ಲಿ ಸುತ್ತಿಕೊಂಡು ಹಿತ್ತಿಲಿಗೆ ಹೋದೆ. ಅತ್ತಿತ್ತ ನೋಡಿದೆ. ಗುಲಾಬಿ ಗಿಡದ ಹಿಂದೆ ಅದನ್ನು ಬಚ್ಚಿಟ್ಟೆ. ಮೇಲೆ ಒಂದಿಷ್ಟು ಒಣ ಎಲೆ ಎಳೆದೆ. ಆಮೇಲೆ ಏನೂ ಮಾಡದವಳಂತೆ ಒಳಗೆ ಬಂದು ಕಾಫಿ ಕುಡಿದೆ.

ಕಾಫಿ ಆರಿ ತಣ್ಣಗಾಗಿತ್ತು.

ಸೌದೆ ಬಚ್ಚಿಡುವಂಥ ಗತಿ ಏನು ಬಂತು ಎನ್ನುತ್ತೀರಾ? ಹೇಳುತ್ತೇನೆ. ಆದರೆ ನಿಮ್ಮಲ್ಲೇ ಇರಲಿ.

ಕಳೆದ ವರ್ಷ ನಾವು ಇಲ್ಲಿ ಜರ್ಮನಿಯ ಫೊಯರ್‌ಬಾಕ್‌ನ ಏರುರಸ್ತೆಯಲ್ಲಿ ಒಂದು ಹಳೆಯ ಮನೆ ಕೊಂಡೆವು. ಮನೆಯ ಜೊತೆಗೆ ಒಂದು ಸೌದೆ ಒಲೆಯೂ ಬಂತು. ಅಡುಗೆ ಒಲೆಯಲ್ಲ. ಹಾಲ್‌ನ ಮೂಲೆಯಲ್ಲಿ ನಿಂತ ಕಬ್ಬಿಣದ ಪೆಟ್ಟಿಗೆ, ಅದಕ್ಕೊಂದು ಗಾಜಿನ ಬಾಗಿಲು, ಒಳಗೆ ಬೆಂಕಿ. ಚಳಿಗಾಲದಲ್ಲಿ ಅದರ ಮುಂದೆ ಕಾಲು ಚಾಚಿ ಕುಳಿತುಬಿಟ್ಟರೆ ಎದ್ದೇಳುವ ಮನಸ್ಸೇ ಬರುವುದಿಲ್ಲ.

ಈ ಒಲೆಗೆ ಒಂದು ನಿಯಮ ಇದೆ. ಸೌದೆ ಇಷ್ಟೇ ಉದ್ದ ಇರಬೇಕು. ನಮ್ಮ ಕಡೆಯ ಒಲೆಗಳು ಪಾಪ, ಬಾಯಿ ತೆರೆದುಕೊಂಡೇ ಇರುತ್ತವೆ. ಮಾರುದ್ದದ ಸೌದೆ ಇಟ್ಟರೂ ಸರಿ, ಉರಿದ ಹಾಗೆಲ್ಲ ಒಳಗೆ ನೂಕಿದರಾಯಿತು. ಇಲ್ಲಿ ಬಾಗಿಲು ಮುಚ್ಚಬೇಕಲ್ಲ?

ಅವತ್ತು ನನ್ನ ಕೈಗೆ ಸಿಕ್ಕ ತುಂಡು ಎರಡು ಬೆರಳಿನಷ್ಟು ಹೆಚ್ಚು ಉದ್ದ ಇತ್ತು. ಎರಡೇ ಬೆರಳು! ಬೇರೆ ತುಂಡು ತರಲು ಹಿತ್ತಿಲಿಗೆ ಹೋಗಬೇಕು. ಹೊರಗೆ ಚಳಿ. ಒಂದು ಕೈಯಲ್ಲಿ ಕಾಫಿ, ಇನ್ನೊಂದು ಕೈಯಲ್ಲಿ ಫೋನು, ಫೋನಿನಲ್ಲಿ ಮೈಸೂರಿನ ಚಿಕ್ಕಮ್ಮ. ಆದರೆ ಮನೆವಾರ್ತೆ ಮಾಡುವ ಹೆಂಗಸಿಗೆ ಮೂರನೆಯ ಕೈ ಒಂದಿರುತ್ತದೆ. ಅದೇ ಸೊಂಟ. ಫ್ರಿಜ್ ಬಾಗಿಲು, ಬೀರು ಬಾಗಿಲು, ಕಾರಿನ ಬಾಗಿಲು, ಎಲ್ಲ ಸೊಂಟದಲ್ಲೇ ಮುಚ್ಚಿ ಅಭ್ಯಾಸ. ಒಲೆ ಬಾಗಿಲಿಗೂ ಹಾಗೇ ಒಂದು ಕೊಟ್ಟೆ.

ಟಕ್.

ಕೆಳಗಿನ ಎಡಮೂಲೆಯಿಂದ ಮೇಲಿನ ಬಲಮೂಲೆಯವರೆಗೆ ಬಿರುಕು. ಇನ್ನೂ ಕಡ್ಡಿ ಕೂಡ ಗೀರಿರಲಿಲ್ಲ. "ಚಿಕ್ಕಮ್ಮ, ಆಮೇಲೆ ಮಾಡ್ತೀನಿ" ಎಂದು ಫೋನ್ ಇಟ್ಟೆ.

ಮೇಲಿನ ರೂಮಿನಿಂದ ಎಂಟು ವರ್ಷದ ಮಗಳು ತನ್ವಿ ಕೂಗಿದಳು: "ಮಾಮಾ, ವಾಸ್ ವಾರ್ ದಾಸ್?" (ಅಮ್ಮಾ, ಅದೇನು ಶಬ್ದ ಅಂತ. ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲೇ ಉತ್ತರಿಸುವ ಮಗು, ಪ್ರಶ್ನೆಯನ್ನಾದರೂ ಕನ್ನಡದಲ್ಲಿ ಯಾಕೆ ಕೇಳುತ್ತಾಳೆ?)

"ಏನಿಲ್ಲ ಪುಟ್ಟಿ, ಪಾತ್ರೆ ಬಿತ್ತು!"

ನೋಡಿ, ಒಂದು ಸುಳ್ಳು ಎಷ್ಟು ಸಲೀಸಾಗಿ ಬಂದುಬಿಡುತ್ತದೆ.

ಒಂದು ಗಾಜಿಗೆ ಇಷ್ಟೇಕೆ ಹೆದರಿಕೆ ಎಂದು ನಿಮಗೆ ಅನ್ನಿಸಬಹುದು. ಗಂಡ ಶ್ರೀಕಾಂತ ಬೈಯುವವನಲ್ಲ. ಬೈಯುವವಳು ನಾನು. ಸಮಸ್ಯೆ ಇರುವುದೇ ಅಲ್ಲಿ. ನಮ್ಮ ಮನೆಯಲ್ಲಿ ಹತ್ತು ವರ್ಷದಿಂದ ಒಡೆಯುವ ಇಲಾಖೆ ಅವನದು, ಬೈಯುವ ಇಲಾಖೆ ನನ್ನದು. ನಮ್ಮಮ್ಮ ಕೊಟ್ಟ ಉಪ್ಪಿನಕಾಯಿ ಭರಣಿ ಒಡೆದದ್ದು ಅವನು. ನನ್ನ ಕನ್ನಡಕದ ಮೇಲೆ ಕುಳಿತದ್ದು ಅವನು. ಮದುವೆಗೆ ಬಂದ ಆರು ಕಪ್ಪುಗಳನ್ನು ಎರಡಕ್ಕೆ ಇಳಿಸಿದ್ದು ಅವನು. ಯಾವುದನ್ನೂ ನಾನು ಮರೆತಿಲ್ಲ. ಮರೆಯಲು ಬಿಟ್ಟೂ ಇಲ್ಲ. "ನನ್ನ ಕೈಯಲ್ಲಿ ಇದುವರೆಗೂ ಒಂದು ಚಮಚ ಬಿದ್ದಿದೆಯಾ, ಹೇಳು?" ಎಂಬ ನನ್ನ ಡೈಲಾಗ್ ಅವನಿಗೆ ಕಂಠಪಾಠ.

ಈಗ ಒಪ್ಪಿಕೊಂಡರೆ ಆ ಡೈಲಾಗ್ ಸತ್ತಿತು. ಮುಂದಿನ ಮೂವತ್ತು ನಲವತ್ತು ವರ್ಷ ನಾನು ಯಾವ ಬಾಯಲ್ಲಿ ಬೈಯಲಿ? ನನ್ನ ಸಂಸಾರದ ಬುನಾದಿಯೇ ಅಲುಗುತ್ತಿತ್ತು. ಅದಕ್ಕೇ ಸೌದೆ ಗುಲಾಬಿ ಗಿಡದ ಹಿಂದೆ ಹೋದದ್ದು.

ಇಂಡಿಯನ್ ಅಂಗಡಿಗೆ ಹೋಗಿದ್ದ ಶ್ರೀಕಾಂತ ಬದನೆಕಾಯಿ, ಕರಿಬೇವು ಹಿಡಿದುಕೊಂಡು ಬಂದ. ಸಂಜೆ ನಾಲ್ಕಕ್ಕೆ ಒಲೆ ಹಚ್ಚಲು ಕುಳಿತ. ನಾನು ಸೋಫಾದಲ್ಲಿ ಬಟ್ಟೆ ಮಡಚುತ್ತಿದ್ದೆ. ಮಡಚಿದ್ದನ್ನೇ ಮತ್ತೆ ಮಡಚುತ್ತಿದ್ದೆ.

"ಏ, ಇದೇನ ಇದು? ಗಾಜು ಒಡದದ!"

"ಹೌದಾ?" ಎಂದೆ. ಕನ್ನಡದಲ್ಲಿ ಇದಕ್ಕಿಂತ ಮುಗ್ಧವಾದ ಮಾತು ಇನ್ನೊಂದಿಲ್ಲ.

ಅವನು ಟಾರ್ಚ್ ತಂದ. ಬಗ್ಗಿ ನೋಡಿದ. ಬೆರಳು ಆಡಿಸಿದ. "ಇದು ಸಾದಾ ಗಾಜಲ್ಲ, ಸೆರಾಮಿಕ್. ಬಿಸಿಗೆ ಒಡಿಯೂದಲ್ಲ. ಏನರೆ ನೂಕಿದ್ರ ಮಾತ್ರ ಒಡೀತದ" ಎಂದ.

ನಾನು ಒಂದು ಕಾಲುಚೀಲದ ಜೋಡಿ ಹುಡುಕುವುದರಲ್ಲಿ ಮುಳುಗಿಹೋದೆ.

ಬಿರುಕು ಬಿಟ್ಟ ಗಾಜಿನಲ್ಲಿ ಒಲೆ ಹಚ್ಚುವಂತಿಲ್ಲ. ಹೊಗೆ ಬರುತ್ತದೆ, ಗಾಜು ಉದುರಿದರೆ ಕೆಂಡ ಹೊರಗೆ ಬೀಳುತ್ತದೆ. ಅದರ ಮೇಲೆ ಇನ್ನೊಂದು ಕಂಟಕ. ಬರುವ ಗುರುವಾರ ಬಿಟ್ಟು ಅದರ ಮುಂದಿನ ಗುರುವಾರ ಶೋರ್ನ್‌ಸ್ಟೈನ್‌ಫೇಗರ್ ಬರುತ್ತಾರೆಂದು ಬಾಗಿಲಿಗೆ ಚೀಟಿ ಅಂಟಿತ್ತು. ಅಂದರೆ ಚಿಮಣಿ ಪರೀಕ್ಷೆ ಮಾಡುವವರು. (ಹೆಸರು ಹೇಳಿ ಮುಗಿಸುವಷ್ಟರಲ್ಲಿ ಅವರು ಕೆಲಸವನ್ನೇ ಮುಗಿಸಿ ಹೋಗಿರುತ್ತಾರೆ.) ಒಡೆದ ಬಾಗಿಲು ಕಂಡರೆ ಒಲೆಯನ್ನು ಮುಟ್ಟಬೇಡಿ ಎಂದು ಬರೆದುಕೊಟ್ಟು ಹೋಗುತ್ತಾರೆ.

ಕನ್ನಡ ಗೆಳೆಯರ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಹಾಕಿದೆವು. ಐದು ನಿಮಿಷದಲ್ಲಿ ಪರಿಹಾರಗಳ ಮಳೆ. ಒಬ್ಬ "ಗುರು, ಆ ಕಡೆ ಈ ಕಡೆ ಟೇಪ್ ಹಾಕು" ಎಂದ. ಬೆಂಕಿಗೆ ಟೇಪ್! ಇನ್ನೊಬ್ಬ ಬಾತ್‌ರೂಮ್ ಟೈಲ್ಸಿನ ಅಂಟು ಕಳಿಸುತ್ತೇನೆಂದ. ಒಬ್ಬರು ಆಂಟಿ ಮಾತ್ರ, "ಒಡೆದ ಗಾಜು ಮನೇಲಿ ಇಟ್ಕೋಬಾರ್ದಮ್ಮ, ಗಂಡ ಹೆಂಡ್ತಿ ನಡುವೆ ವಿರಸ ಬರುತ್ತೆ" ಎಂದು ಬರೆದರು. ಅವರಿಗೆ ವಿಷಯ ಗೊತ್ತಾಗಿಬಿಟ್ಟಿದೆಯೇನೋ ಎಂದು ನನಗೆ ಬೆವರು.

ಶ್ರೀಕಾಂತ ಯಾವುದನ್ನೂ ಕೇಳಲಿಲ್ಲ. ಅಳತೆ ತೆಗೆದು ಹೊಸ ಗಾಜು ಆರ್ಡರ್ ಮಾಡಿದ. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಬಿಡಲಿಲ್ಲ.

ಅವನ ಉದ್ಯೋಗದ ಬಗ್ಗೆ ಹೇಳಬೇಕು. ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಇಂಜಿನಿಯರ್. ಏನಾದರೂ ಮುರಿದರೆ ಯಾಕೆ ಮುರಿಯಿತು ಎಂದು ಕಂಡುಹಿಡಿಯುವುದೇ ಕೆಲಸ. ಅದಕ್ಕೊಂದು ಪದ್ಧತಿ ಇದೆ. ಐದು ಸಲ "ಯಾಕೆ" ಎಂದು ಕೇಳುತ್ತಾ ಹೋಗುವುದು. ಐದನೆಯ "ಯಾಕೆ"ಗೆ ಅಪರಾಧಿ ಸಿಕ್ಕಿಬೀಳುತ್ತಾನೆ. (ಮೈಸೂರಿನಲ್ಲಿ ನಮ್ಮಜ್ಜಿ ಒಂದೇ "ಯಾಕೆ"ಗೆ ಹಿಡಿಯುತ್ತಿದ್ದರು. ಆದರೆ ಅವರ ಕೈಯಲ್ಲಿ ಸೌಟು ಇರುತ್ತಿತ್ತು.)

ಈ ದೇಶದಲ್ಲಿ ಭಾನುವಾರ ಸದ್ದು ಮಾಡುವಂತಿಲ್ಲ. ಗೋಡೆಗೆ ಡ್ರಿಲ್ ಹಾಕುವಂತಿಲ್ಲ, ಹುಲ್ಲು ಕತ್ತರಿಸುವಂತಿಲ್ಲ. ಹೆಂಡತಿಯ ವಿಚಾರಣೆಗೆ ಮಾತ್ರ ಅಡ್ಡಿಯಿಲ್ಲ. ಭಾನುವಾರ ತಿಂಡಿಯಾದ ಮೇಲೆ ಶ್ರೀಕಾಂತ ಸೂಪರ್‌ಮಾರ್ಕೆಟ್ ಜಾಹೀರಾತಿನ ಹಿಂಬದಿಯಲ್ಲಿ, ಫ್ಯಾಕ್ಟರಿಯಲ್ಲಿ ಮಾಡುವ ಹಾಗೇ, ಮೀನಿನ ಮುಳ್ಳಿನ ಚಿತ್ರ ಬರೆದ. ತಲೆಯ ಜಾಗದಲ್ಲಿ "ಒಡೆದ ಗಾಜು". ಒಂದೊಂದು ಮುಳ್ಳಿಗೆ ಒಂದೊಂದು ಕಾರಣ. ಶುದ್ಧ ಸಸ್ಯಾಹಾರಿ ಮನೆಗೆ ಮೀನು ಬಂದದ್ದು ಹೀಗೆ.

"ಒಂದನೇ ಯಾಕ. ಗಾಜು ಯಾಕ ಒಡೀತು? ಒತ್ತಡ ಬಿತ್ತು. ಎರಡನೇ ಯಾಕ. ಒತ್ತಡ ಯಾಕ ಬಿತ್ತು?" ಎಂದು ನನ್ನ ಕಡೆ ತಿರುಗಿದ.

"ನನ್ನ ಮುಖ ಯಾಕೆ ನೋಡ್ತೀಯ?"

"ಎಲ್ಲಾರ ಮುಖಾನೂ ನೋಡಬೇಕು. ಪದ್ಧತಿ ಅದ."

ಆಗ ತನ್ವಿ ಬ್ರೆಡ್ ಅಗಿಯುತ್ತಾ ಜರ್ಮನ್‌ನಲ್ಲಿ ಸಾಕ್ಷಿ ಹೇಳಿದಳು. ನಿನ್ನೆ ಬೆಳಿಗ್ಗೆ ಟಕ್ ಅಂತ ಶಬ್ದ ಬಂತು, ಪಾತ್ರೆ ಬಿತ್ತು ಅಂತ ಅಮ್ಮ ಹೇಳಿದಳು, ಎಂದು. ಹೆತ್ತ ಮಗಳು! ಒಂಬತ್ತು ತಿಂಗಳು!

"ಯಾವ ಪಾತ್ರಿ?" ಎಂದ ಶ್ರೀಕಾಂತ.

"ಸ್ಟೀಲ್ ಪಾತ್ರೆ."

"ಸ್ಟೀಲು ಟಕ್ ಅನ್ನಂಗಿಲ್ಲ. ಠಣ್ ಅಂತದ."

"ಮರದ ಸೌಟೂ ಇತ್ತು" ಎಂದೆ. ಅವನು ಗಂಭೀರವಾಗಿ "ಮರದ ಸೌಟು" ಎಂದು ಒಂದು ಮುಳ್ಳಿನ ಮೇಲೆ ಬರೆದುಕೊಂಡ.

ಮೂರನೆಯ "ಯಾಕೆ" ಬಂತು. ಆಗಲೇ ಅವನು ಪೆನ್ನು ಕೆಳಗಿಟ್ಟು ತಲೆ ಕೆರೆದುಕೊಂಡ. "ಹೋದ ತಿಂಗಳ ಗಾಜು ಒರಸಲಿಕ್ಕೆ ಬಾಗಲಾ ಬಿಚ್ಚಿದ್ದೆ ನೋಡು, ಆವಾಗ ಸ್ಕ್ರೂ ಭಾಳ ಬಿಗಿ ಮಾಡೀನಿ ಅನಸ್ತದ. ಬಿಗಿ ಆದ್ರ ಗಾಜಿಗೆ ಉಸಿರಾಡ್ಲಿಕ್ಕೆ ಜಾಗಾ ಇರಂಗಿಲ್ಲ. ನಂದ ತಪ್ಪು" ಎಂದ. ಮೀನಿನ ಬಾಲದ ಹತ್ತಿರ ತನ್ನ ಹೆಸರು ಬರೆದು ಸಹಿಯನ್ನೂ ಹಾಕಿದ.

ನಾನು ಆಗ ಆಡಿದ ಮಾತನ್ನು ಬರೆಯಲು ಈಗ ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ. "ಹೋಗ್ಲಿ ಬಿಡು ಶ್ರೀ, ಮನುಷ್ಯರು ಅಂದ್ಮೇಲೆ ತಪ್ಪಾಗುತ್ತೆ" ಎಂದೆ. ಎಂಥ ಕ್ಷಮಾಗುಣ! ಅವನು ಎರಡು ಕ್ಷಣ ನನ್ನನ್ನೇ ನೋಡಿದ. ಕೃತಜ್ಞತೆ ಇರಬೇಕು ಎಂದುಕೊಂಡೆ.

ನಂತರದ ದಿನಗಳು ನರಕ. ಅವನು ಪ್ರಾಯಶ್ಚಿತ್ತಕ್ಕೆಂಬಂತೆ ದಿನಾ ಸಂಜೆ ಚಹಾ ಮಾಡಿದ. ಒಂದು ದಿನ ಗಿರ್ಮಿಟ್ ಕಲಸಿ, ಮೇಲೆ ಈರುಳ್ಳಿ ಉದುರಿಸಿ ನನ್ನ ಕೈಗೇ ತಂದುಕೊಟ್ಟ. ತಣ್ಣಗೆ ಕುಳಿತ ಒಲೆಯ ಮುಂದೆ, ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು, ನಾನು ಆ ಗಿರ್ಮಿಟ್ ತಿಂದೆ. ಗಂಟಲಲ್ಲಿ ಇಳಿಯಲಿಲ್ಲ. (ಪೂರ್ತಿ ತಿಂದೆ. ಆದರೆ ಕಷ್ಟಪಟ್ಟು.) ಹೇಳಿಬಿಡೋಣ ಎಂದು ಮೂರು ಸಲ ಬಾಯಿ ತೆರೆದೆ. ಒಂದು ಸಲ "ಶ್ರೀ, ಒಂದು ವಿಷಯ" ಎಂದವಳು "ಹಾಲು ಮುಗಿದಿದೆ" ಎಂದು ಮುಗಿಸಿದೆ. ಫ್ರಿಜ್‌ನಲ್ಲಿ ಮೂರು ಲೀಟರ್ ಹಾಲಿತ್ತು. ತಪ್ಪು ಮಾಡುವುದು ಇಷ್ಟು ಸುಲಭ, ಹೇಳುವುದು ಯಾಕೆ ಇಷ್ಟು ಕಷ್ಟ?

ಎರಡನೆಯ ವಾರದ ಮಂಗಳವಾರ ಗಾಜು ಬಂತು. ಡೈನಿಂಗ್ ಟೇಬಲ್ ಮೇಲೆ ಹಳೆಯ ದುಪ್ಪಟಿ ಹಾಸಿ ಒಲೆಯ ಬಾಗಿಲನ್ನು ಮಲಗಿಸಿದೆವು. ಬಿಚ್ಚಿದ ಸ್ಕ್ರೂಗಳನ್ನು ಇಡ್ಲಿ ತಟ್ಟೆಯ ಒಂದೊಂದು ಗುಳಿಗೆ ಒಂದೊಂದರಂತೆ ಇಟ್ಟೆವು. ಶ್ರೀಕಾಂತ ಹಳೆಯ ಗಾಜು ತೆಗೆದು ಗೋಡೆಗೆ ಒರಗಿಸಿ, ಅಂಚಿಗೆ ಹೊಸ ದಾರದ ಸೀಲ್ ಕೂರಿಸಿ, ಹೊಸ ಗಾಜು ಇಟ್ಟ. "ಬೆರಳಲ್ಲಿ ತಿರಗಸೂದು, ಆಮ್ಯಾಲೆ ಚೂರ ಚೂರ ಅಷ್ಟ. ಜೋರ ಮಾಡಬಾರದು" ಎಂದ. "ಜೋರ ಮಾಡಬಾರದು" ಎನ್ನುವಾಗ ನನ್ನ ಸೊಂಟದ ಕಡೆ ನೋಡಿದನೇ? ಇಲ್ಲ, ಭ್ರಮೆ ಇರಬೇಕು.

ಗುರುವಾರ ಚಿಮಣಿಯವರು ಬಂದರು. ತಲೆಯಿಂದ ಕಾಲಿನವರೆಗೆ ಕಪ್ಪು ಬಟ್ಟೆ. ಈ ದೇಶದಲ್ಲಿ ಅವರನ್ನು ಮುಟ್ಟಿದರೆ ಅದೃಷ್ಟ ಬರುತ್ತದಂತೆ. ನಾನು ಕೈ ಕುಲುಕುವ ನೆಪದಲ್ಲಿ ಅಗತ್ಯಕ್ಕಿಂತ ಹೆಚ್ಚು ಹೊತ್ತು ಹಿಡಿದುಕೊಂಡೆ.

ಅವರು ಹೊಸ ಬಾಗಿಲು ನೋಡಿ ಚೆನ್ನಾಗಿದೆ ಎಂದರು. ಕಾಗದಕ್ಕೆ ಸಹಿ ಹಾಕಿದರು. ಇನ್ನೇನು ಹೊರಟರು ಎನ್ನುವಾಗ ಗೋಡೆಗೆ ಒರಗಿಸಿದ್ದ ಹಳೆಯ ಗಾಜು ಕಣ್ಣಿಗೆ ಬಿತ್ತು. ಎತ್ತಿಕೊಂಡರು. ಕೆಳಮೂಲೆಯಲ್ಲಿ ಬಿರುಕು ಶುರುವಾದ ಜಾಗವನ್ನು ಉಗುರಿನಿಂದ ಕೆರೆದರು. ಬೆರಳಿಗೆ ಮರದ ತೊಗಟೆಯ ಪುಡಿ ಹತ್ತಿತು.

"ಸೌದೆ ಉದ್ದ ಇತ್ತು. ಬಾಗಿಲು ನೂಕಿದ್ದೀರಿ" ಎಂದರು ಜರ್ಮನ್‌ನಲ್ಲಿ, ನಾಡಿ ಹಿಡಿದ ವೈದ್ಯರ ಹಾಗೆ. ಐದು "ಯಾಕೆ" ಇಲ್ಲ, ಮೀನೂ ಇಲ್ಲ. ಆಮೇಲೆ ನಗುತ್ತಾ ಕೇಳಿದರು: "ಯಾರು?"

ಶ್ರೀಕಾಂತ ಇನ್ನೇನು ಕೈ ಎತ್ತುವುದರಲ್ಲಿದ್ದ. ನಿಜ, ಆಗಲೂ ತಾನೇ ಎಂದು ಹೇಳಲು ಹೊರಟಿದ್ದ! ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಇಶ್" ಎಂದೆ. ಜರ್ಮನ್‌ನಲ್ಲಿ "ನಾನು". ಹನ್ನೆರಡು ದಿನ ಕನ್ನಡದಲ್ಲಿ ಬಾರದ ಮಾತು ಪರಭಾಷೆಯಲ್ಲಿ ಬಂತು.

ಚಿಮಣಿಯವರು ಎಲ್ಲ ಮನೆಯಲ್ಲೂ ಇದೇ ಕಥೆ ಎಂದು ಹೇಳಿ ಹೊರಟುಹೋದರು. ನಾನು ಗಂಡನ ಮುಖ ನೋಡಿದೆ. ಅವನಿಗೆ ಆಶ್ಚರ್ಯವೇ ಆಗಿರಲಿಲ್ಲ.

"ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿಂದ?"

"ಆವತ್ತ ಶನಿವಾರ ಸಂಜಿಯಿಂದ. ಕಟಗಿ ತರಲಿಕ್ಕೆ ಹಿತ್ತಲಕ್ಕ ಹೋದೆ. ಗುಲಾಬಿ ಗಿಡಕ್ಕ ಯಾರರೆ ಕಟಗಿ ಗೊಬ್ಬರ ಹಾಕ್ತಾರೇನು?"

ನನಗೆ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು. "ಮತ್ತೆ ಆ ಐದು ಯಾಕೆ? ಆ ಸಹಿ? ಎಲ್ಲ ನಾಟಕಾನಾ? ನಿನ್ನ ಮೇಲೆ ಯಾಕೆ ಹಾಕ್ಕೊಂಡೆ?"

ಅವನು ಬಹಳ ಸಮಾಧಾನದಿಂದ, ಧಾರವಾಡದವರಿಗೆ ಮಾತ್ರ ಬರುವ ಸಮಾಧಾನದಿಂದ ಹೇಳಿದ: "ತಪ್ಪು ಒಪ್ಪಿಕೊಳ್ಳೂದು ನನಗ ಹತ್ತು ವರ್ಷದ ರೂಢಿ. ನಿನಗ ರೂಢಿ ಇಲ್ಲ. ಸುಮ್ನ ತ್ರಾಸ ಮಾಡ್ಕೋತಿ ಅಂತ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನಕ್ಕಿದ್ದರೆ ಮುನಿಸಿಕೊಳ್ಳಬಹುದಿತ್ತು. ಇದಕ್ಕೆ ಏನು ಮಾಡುವುದು? ನಾನು ಒಳಗೆ ಹೋಗಿ ಚಹಾ ಇಟ್ಟೆ. ಮೊದಲ ಸಲ, ಕೇಳದೆಯೇ.

ಈಗ ಮನೆ ಬೆಚ್ಚಗಿದೆ. ಒಲೆ ಚೆನ್ನಾಗಿ ಉರಿಯುತ್ತಿದೆ. ಶ್ರೀಕಾಂತ ಆ ವಿಷಯವನ್ನು ಮತ್ತೆ ಎತ್ತಿಲ್ಲ, ಪುಣ್ಯಾತ್ಮ. ಆದರೆ ನಾನು ಒದ್ದೆ ಟವೆಲ್ಲಿಗೋ, ತಡವಾಗಿ ಬಂದದ್ದಕ್ಕೋ ದನಿ ಏರಿಸಿದ ಕೂಡಲೇ ಮೆಲ್ಲಗೆ ಎದ್ದುಹೋಗುತ್ತಾನೆ. ಒಂದು ಸೌದೆ ತುಂಡು ಎತ್ತಿಕೊಳ್ಳುತ್ತಾನೆ. ಟೇಪ್ ಹಿಡಿದು ಅಳೆಯುತ್ತಾನೆ. ಒಳಗಿಟ್ಟು, ಎರಡೇ ಬೆರಳಿನಲ್ಲಿ, ಸದ್ದೇ ಇಲ್ಲದಂತೆ ಬಾಗಿಲು ಮುಚ್ಚುತ್ತಾನೆ.

ಹತ್ತು ವರ್ಷ ಬಾಯಿಯಲ್ಲೇ ಗೆದ್ದವಳು ನಾನು, ಆ ಸದ್ದಿಲ್ಲದ ಬಾಗಿಲಿಗೆ ಏನೆಂದು ಉತ್ತರ ಕೊಡಲಿ, ನೀವೇ ಹೇಳಿ?